ಭಾಷಣದೊಳಗಿನ ಹುಡುಗಿ

ಇಲೊಯ್ಲೊ ಬಂದರಿನಲ್ಲಿ ಸೆಬು ದ್ವೀಪಕ್ಕೆ ಹೋಗುವ ಹಡಗಿಗೆ ಕಾಯುತ್ತಿದ್ದ ನಿವೃತ್ತ ಟೀಚರ್ ಪೆರ್ಲಿಟಾ ಅವರಿಗೆ ಬೆನ್ನ ಹಿಂದಿನ ಬೆಂಚಿನಿಂದ ಎರಡು ಪರಿಚಿತ ದನಿಗಳು ಕೇಳಿದವು. ಒಬ್ಬ ಅಮಡೋರ್, ಅವರ ಊರಿನ ಮೇಯರ್ ಚುನಾವಣೆಗೆ ನಿಂತವನು; ಇನ್ನೊಬ್ಬ ಅವನ ಭಾಷಣ ಬರೆಯುವ ಟಿಯೊಡಿ. ಇಬ್ಬರೂ ಒಂದು ಕಾಲಕ್ಕೆ ಅವರ ತರಗತಿಯಲ್ಲಿದ್ದವರೇ. ಪೆರ್ಲಿಟಾ ತಿರುಗಿ ನೋಡಲಿಲ್ಲ.

“ನಂಗೆ ಹೇಳ್ದೆ ಸೆಬುಗೆ ಹೊರಟ್ಬಿಟ್ಯಾ?” ಎಂದ ಅಮಡೋರ್.

“ಎಲೆಕ್ಷನ್ ಮುಗಿಯೋವರ್ಗೂ ಕಣ್ಣಿಗೆ ಬೀಳ್ಬೇಡ ಅಂದ್ರು ನಿಮ್ಮಪ್ಪ. ನಾಳೆ ನೀನು ಅಕ್ಕಿ ಮಿಲ್ಲಿನವರ ಮಗಳ ಜೊತೆ ನಿಶ್ಚಿತಾರ್ಥ ಅಂತ ವೇದಿಕೆ ಮೇಲೆ ಹೇಳ್ಬೇಕಲ್ಲ. ಭಾಷಣ ಬರೆದಿಟ್ಟಿದೀನಿ.”

“ಓದಿದೀನಿ. ಎಷ್ಟೊತ್ತಾದ್ರೂ ಊಟ ಮಾಡ್ದೆ ನನಗೋಸ್ಕರ ಕಾಯ್ತಾಳೆ ಅಂತ ಬರ್ದಿದೀಯ. ಅವಳಿಗೆ ನನ್ನ ಮನೆ ಎಲ್ಲಿದೆ ಅಂತಾನೂ ಗೊತ್ತಿಲ್ಲ ಕಣೋ.”

“ಜನ ನಂಬಬೇಕಲ್ಲ.”

“ಮೀನಿನ ಮುಳ್ಳು ತೆಗೆದು ನನ್ನ ತಟ್ಟೆಗೆ ಹಾಕ್ತಾಳೆ ಅಂತ ಬೇರೆ.”

“ಮತ್ತೇನು ಬರೀಲಿ? ನಂಗೆ ಗೊತ್ತಿರೋದೇ ಅಷ್ಟು.”

“ನೀನು ಮಾಡೋದನ್ನ ಅವಳ ಹೆಸರಲ್ಲಿ ಓದೋಕೆ ನನ್ನ ಕೈಲಾಗಲ್ಲ.”

“ಓದ್ದೇ ಇದ್ರೆ ಸೋಲ್ತೀಯ.”

“ಸೋತ್ರೆ ಸೋತೆ. ಗೆದ್ದು ಮನೆಗೆ ಬಂದಾಗ ಬಾಗಿಲು ತೆಗೆಯೋರು ಬೇಡ್ವಾ?”

ಹಡಗು ಹತ್ತಲು ಕರೆದರು. ಪೆರ್ಲಿಟಾ ಎದ್ದು, ಕೊನೆಗೂ ಹಿಂತಿರುಗಿ ನೋಡಿದರು. ಅಮಡೋರ್ ಟಿಯೊಡಿಯ ಚೀಲ ಎತ್ತಿಕೊಂಡು ರಸ್ತೆಯ ಕಡೆ ಹೊರಟಿದ್ದ. ಟಿಯೊಡಿ ಕೈಯಲ್ಲಿದ್ದ ಟಿಕೆಟನ್ನು ಒಮ್ಮೆ ನೋಡಿ ಜೇಬಿಗಿಟ್ಟುಕೊಂಡ. ಆಮೇಲೆ ನಾಲ್ಕು ಮಾರು ಹಿಂದೆ, ಪರಿಚಯವೇ ಇಲ್ಲದವನ ಹಾಗೆ, ಅದೇ ದಾರಿಯಲ್ಲಿ ನಡೆದ.