ಕುಂಕುಮದ ಕೆಳಗಿನ ಚುಕ್ಕಿ

ಗಜೇಂದ್ರಗಡ ಬಸ್ ನಿಲ್ದಾಣ. ಫೋಟೊ ಸ್ಟುಡಿಯೊದ ವಿಜಯೇಂದ್ರ ಹೊಸ ಮಾನಿಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಪಕ್ಕದಲ್ಲಿ ತಾಯಿ.

“ತಂದ ದಿನಾನ ನೋಡ್ಕೋಬೇಕಿಲ್ಲೋ, ವಿಜೂ?”

“ನೋಡೇನವ್ವಾ. ಬಿಳೇದು, ಕರೇದು, ಎಲ್ಲಾ ಬಣ್ಣ ಹಾಕಿ ನೋಡೇನಿ.”

“ಮತ್ತ ಆ ಚುಕ್ಕಿ?”

“ನಿನ್ನ ಕುಂಕುಮದ ಕೆಳಗಿತ್ತು! ಸ್ಕ್ರೀನ್ ನಟ್ಟನಡುಕ ಹಚ್ಚಿ, ಒರಸಬ್ಯಾಡ ಅಂದಿ.”

“ಪೂಜಿ ಮಾಡಿದ್ದನ್ನ ಯಾರರ ಒರಸ್ತಾರೇನು?”

“ಅದು ತಾನ ಉದರೂದ್ರಾಗ ಬದಲಿ ಕೊಡೋ ಮುದತ ಮುಗೀತು. ಈಗ ಸ್ಕ್ರೀನ್ ಮ್ಯಾಲ ಯಾವ ಮದುಮಗಳ ಫೋಟೊ ತಗದ್ರೂ ಮಾರಿ ಮ್ಯಾಲ ಕರೇ ಚುಕ್ಕಿ.”

“ದೃಷ್ಟಿಬೊಟ್ಟು ಅಂತ ತಿಳ್ಕೋ.”

“ಅವ್ವಾ!”

“ಆತು, ಅಂಗಡ್ಯಾವ್ಗ ನಾನ ಹೇಳ್ತೀನಿ, ತಪ್ಪು ನಂದಂತ.”

“ಬದಲಿ ಕೊಟ್ರ ಅದಕ್ಕೂ ಹಚ್ತೀಯೇನು?”

ಗದಗ ಬಸ್ಸು ಬಂತು. ತಾಯಿ ಡಬ್ಬಿಯ ಒಂದು ತುದಿ ಹಿಡಿದು ಎದ್ದರು.

“ಹಚ್ಚಲಾರದ ಬಿಡ್ತೀನೇನು? ಈ ಸಲ ಅದರ ಬೆನ್ನಿಗೆ ಹಚ್ತೀನಿ, ನಡಿ.”