ಹನ್ನೊಂದನೇ ಕೋಳಿಯನ್ನು ನಾನು ಒಯ್ದ ಬಗ್ಗೆ

ಕೆಳಗೆ ಸಹಿ ಹಾಕಿರುವ ನಾನು, ವಯಸ್ಸು ನಲವತ್ತಾರು, ಕೋಳಿರೋಗ ಪ್ರಯೋಗಾಲಯದಲ್ಲಿ ಸಹಾಯಕ ವಿಜ್ಞಾನಿ, ವಾಸ ಅದರ ಹಿಂದಿನ ಬೀದಿ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ವಿಜ್ಞಾನದ ಚರಿತ್ರೆಯಲ್ಲೇ ಅತಿ ಘೋರವೆಂದು ನಮ್ಮ ನಿರ್ದೇಶಕರು ದೂರಿನಲ್ಲಿ ಬಣ್ಣಿಸಿರುವ ಕಳವು ನನ್ನಿಂದಲೇ ಆಗಿದೆ. ಕಳವಾದ ಮಾಲು: ಬಿಳಿ ಕೋಳಿ, ಒಂದು.

ನಿರ್ದೇಶಕರು ಕೋಳಿಗಳನ್ನು ಹಿಂಡುಹಿಂಡಾಗಿ ಕೊಲ್ಲುವ ಕೊಕ್ಕರೆ ರೋಗದ ವೈರಾಣುವನ್ನು ಕೊಲ್ಲುವ ನೀಲಿ ದ್ರಾವಣವೊಂದನ್ನು ಕಂಡುಹಿಡಿದಿದ್ದಾರೆ. ಗಾಜಿನ ತಟ್ಟೆಯಲ್ಲಿ ಅದು ಕೊಲ್ಲುವುದು ನಿಜ. ಸೋಪಿನ ನೀರೂ ಕೊಲ್ಲುತ್ತದೆ. ಕೋಳಿಯ ಮೈಯೊಳಗೂ ಕೊಲ್ಲುತ್ತದೆಂದು ತೋರಿಸಲು ಹೋದ ತಿಂಗಳು ಇಪ್ಪತ್ತು ಕೋಳಿಗಳಿಗೆ ರೋಗ ಹತ್ತಿಸಿದರು. ದ್ರಾವಣ ಕುಡಿದ ಹತ್ತೂ ಬದುಕಿದವು, ಬರೀ ನೀರು ಕುಡಿದ ಹತ್ತೂ ಸತ್ತವು. ಅಂದಿನಿಂದ ನಿರ್ದೇಶಕರು ಕಾರಿಡಾರಿನಲ್ಲಿ ನಡೆಯುವುದನ್ನು ಬಿಟ್ಟು ತೇಲುತ್ತಿದ್ದಾರೆ.

ಸತ್ತವು ಸಂತೆಯಿಂದ ತಂದ, ಲಸಿಕೆ ಕಾಣದ ಕೋಳಿಗಳು. ಬದುಕಿದವು ನನ್ನ ಅಕ್ಕನ ಫಾರಮ್ಮಿನವು. ಆಕೆ ಪ್ರತಿ ಮರಿಯ ಕಣ್ಣಿಗೂ ಲಸಿಕೆಯ ಹನಿ ಹಾಕುವವಳು. ನಿನ್ನೆ ಇದನ್ನು ನಿರ್ದೇಶಕರಿಗೆ ತಿಳಿಸಲಾಗಿ ಅವರು, "ಒಳ್ಳೇ ಔಷಧಕ್ಕೆ ಒಳ್ಳೇ ಕೋಳಿ ಬೇಡ್ವೇನ್ರೀ? ಅದಕ್ಕೇ ನಾನೇ ಆರಿಸಿದ್ದು" ಎಂದು ಹೇಳಿ, ಹೋಗುವಾಗ ಬಾಗಿಲು ಹಾಕಿಕೊಂಡು ಹೋಗಲು ಸೂಚಿಸಿದರು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆನು. ಆಕೆ ಹೊಸದಾಗಿ ಮೂರು ಸಾವಿರ ಮರಿ ತಂದಿದ್ದಾಳೆ. ನಾಳೆ ಅವಕ್ಕೆ ಹನಿ ಹಾಕುವ ದಿನ. ಈ ಸಲ ಹನಿ ಬೇಡ, ನಿರ್ದೇಶಕರು ಕೊಟ್ಟ ಕ್ಯಾನಿನ ದ್ರಾವಣವೇ ಸಾಕು ಎಂದಳು. ಮರಿಗಳೆಲ್ಲ ಸಾಯುತ್ತವೆ ಎಂದೆನು.

"ದೊಡ್ಡೋರು ಏನೋ ಕಂಡುಹಿಡಿದ್ರೆ ನಿನಗ್ಯಾಕೋ ಹೊಟ್ಟೆಯುರಿ? ನಿನ್ನ ಕನ್ನಡಕಾನೇ ನಿನ್ನ ಹೆಂಡ್ತಿ ಹುಡುಕಿ ಕೊಡಬೇಕು" ಎಂದಳು. ಭಾವ ನಕ್ಕರು. ರುಜುವಾತು ತಂದರೆ ಮಾತ್ರ ಹನಿ ಹಾಕುವುದಾಗಿ ಕೊನೆಗೆ ಒಪ್ಪಿದಳು.

ಆ ಪ್ರಯೋಗಕ್ಕೆಂದು ಅಕ್ಕನಿಂದ ತರಿಸಿದ್ದು ಹನ್ನೊಂದು ಕೋಳಿ. ಹೆಚ್ಚಾದ ಒಂದು, ರೋಗವನ್ನೂ ದ್ರಾವಣವನ್ನೂ ಕಾಣದೆ, ಬೇರೆ ಕಟ್ಟಡದ ಉಗ್ರಾಣದಲ್ಲಿತ್ತು. ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಮೊದಲೇ ಇದ್ದರೆ ದ್ರಾವಣದ ಬಣ್ಣ ಬಯಲು. ನಮ್ಮಲ್ಲಿ ಪರೀಕ್ಷಿಸಲು ನಿರ್ದೇಶಕರ ಅಪ್ಪಣೆ ಬೇಕಾದ್ದರಿಂದ, ಇಂದು ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ಫೈಲುಗಳ ರಟ್ಟಿನ ಡಬ್ಬದಲ್ಲಿಟ್ಟು ಪಶುವೈದ್ಯ ಕಾಲೇಜಿಗೆ ಹೊರಟೆನು. ಗೇಟಿನಲ್ಲಿ ಕಾವಲುಗಾರ, "ಸಾರ್, ನಿಮ್ಮ ಫೈಲು ಕೂಗ್ತಾ ಇದೆ" ಎಂದು ತಡೆದನು.

ಮೇಲಿನದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಠಾಣೆಯ ಬೆಂಚು
ದಿನಾಂಕ: ಇಂದಿನದೇ, ಮಧ್ಯಾಹ್ನ ಹನ್ನೆರಡೂವರೆ
(ಸಹಿ)

ಕೋರಿಕೆ: ಮಾಲನ್ನು ನಿರ್ದೇಶಕರಿಗೆ ಹಿಂದಿರುಗಿಸುವ ಮುನ್ನ ಪಶುವೈದ್ಯರಿಂದ ಒಂದಿಷ್ಟು ರಕ್ತ ತೆಗೆಸಿಡಿ. ಊಟದ ಹೊತ್ತಾಗುತ್ತಿರುವುದರಿಂದ, ಅದು ಸಾಕ್ಷಿಯೆಂದು ಠಾಣೆಯ ಅಡುಗೆಯವರಿಗೂ ದಯವಿಟ್ಟು ಒಂದು ಮಾತು ಹೇಳಿ.