ಎಲ್ಲರ ಕಾಳೂ ಮೊಳೆತ ದಿನ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಬಡಗಿ ಊದಿದ ಕೆನ್ನೆ ಹಿಡಿದು ಕೂತಿದ್ದ. ಬಾಯಿಗೆ ರಜೆ, ಕಿವಿಗೆ ಮಾತ್ರ ಕೆಲಸ. ಪಕ್ಕದ ಬೆಂಚಿನಲ್ಲಿ ಪ್ರೈಮರಿ ಶಾಲೆಯ ಇಬ್ಬರು ಟೀಚರುಗಳಿದ್ದರು. ಒಬ್ಬರು ಹಿರಿಯರು, ಇನ್ನೊಬ್ಬಳು ಹೊಸಬಳು.

“ನಮ್ಮ ವಿಜ್ಞಾನದ ಮೂಲೆ ನೋಡಿದ್ರಾ ಅಕ್ಕಾ? ಎಲ್ಲರ ಲೋಟದಲ್ಲೂ ಕಾಳು ಮೊಳಕೆ ಒಡೆದಿದೆ!” ಎಂದಳು ಹೊಸಬಳು.

“ಒಂದೂ ಕೈಕೊಡ್ಲಿಲ್ವಾ?”

“ನಿಜ ಹೇಳ್ಬೇಕಂದ್ರೆ ಸುಮಾರು ಮೊಳೀಲೇ ಇಲ್ಲ. ಮಕ್ಕಳು ಮುಖ ಸಣ್ಣ ಮಾಡ್ಕೊಂಡ್ರೆ ಆಮೇಲೆ ವಿಜ್ಞಾನನೇ ಬೇಡ ಅಂತಾರೆ. ಅದಕ್ಕೇ ಮನೇಲಿ ಮೊಳೆಸಿದ್ದನ್ನ ತಂದು, ಅವರು ಬರೋ ಮುಂಚೆ ಬದಲಾಯಿಸಿಟ್ಟೆ.”

“ಕಿಟಕಿ ಪಕ್ಕ ಕೂರೋ ಪುಟ್ಟೀದೂ?”

“ಅವಳದೇ ಮೊದಲು. ದಿನಾ ಬಂದು ಲೋಟಕ್ಕೇ ಕಣ್ಣು ನೆಟ್ಟಿರ್ತಿದ್ಲು, ಪಾಪ.”

ಹಿರಿಯ ಟೀಚರು ಅವಳ ಕಡೆ ತಿರುಗಿ ಕೂತರು.

“ಅವಳು ಬೇಕಂತಲೇ ಬೇಯಿಸಿದ ಕಾಳು ಹಾಕಿದ್ಲು ಕಣೇ. ಬೆಂದದ್ದು ಮೊಳೆಯುತ್ತಾ ನೋಡೋಣ ಅಂತ.”

“ಅಯ್ಯೋ! ನಿಮಗೆ ಯಾರು ಹೇಳಿದ್ರು?”

“ಅವಳೇ. ‘ಬೇಯಿಸಿದ್ರೆ ಕಾಳು ಸಾಯಲ್ವಾ ಟೀಚರ್?’ ಅಂತ ಕೇಳೋಕೆ ಬಂದಿದ್ಲು.”

“ನೀವೇನಂದ್ರಿ?”

“ನಿನ್ನದೇ ಕೆಲಸ ಅಂತ ಗೊತ್ತಾಯ್ತು. ನಿನ್ನ ಮರ್ಯಾದೆ ಹೋಗಬಾರದಲ್ಲ, ‘ಒಂದೊಂದ್ಸಲ ಸಾಯಲ್ಲ’ ಅಂದೆ.”

“ನಂಬಿದ್ಲಾ?”

“ನನ್ನ ಮುಖಾನೇ ನೋಡಿದ್ಲು. ಆಮೇಲೆ ಹೋಗಿ, ಆ ಲೋಟನ ಮೊಳಕೆ ಸಮೇತ ಕಸದ ಬುಟ್ಟಿಗೆ ಹಾಕಿ ಬಂದ್ಲು.”

ಒಳಗಿಂದ ನರ್ಸ್ ಕೂಗಿದಳು. ಇಬ್ಬರೂ ಎದ್ದು ಹೋದರು.